ಹನ್ನೆರಡನೆಯ ಬಿಲ್ಲೆ

2025ರ ಫೆಬ್ರವರಿ ಹತ್ತು, ಸೋಮವಾರ. ಸಂಜೆ ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ತ್ವರಣ್ ಲಾಜಿಸ್ಟಿಕ್ಸ್ ಎಂಬ ಕಂಪನಿಯ ಮ್ಯಾನೇಜರ್ ಹಿತೇಶ್ ಕರ್ಕೇರ ಠಾಣೆಗೆ ಬಂದು, ಟೈಪು ಮಾಡಿದ ಮೂರು ಪುಟಗಳ ದೂರನ್ನು ಇನ್‌ಸ್ಪೆಕ್ಟರ್ ರತ್ನಾವತಿ ಸುವರ್ಣಳ ಮೇಜಿನ ಮೇಲಿಟ್ಟ. ಘಣಸೋಲಿಯಿಂದ ಮಹಾಪೆಗೆ ಹೋಗುವ ರಸ್ತೆಯಲ್ಲಿರುವ ಅವರ ಗೋದಾಮಿನಲ್ಲಿ ಸಾಮಾನಿನ ಕಪಾಟುಗಳನ್ನು ಹೊತ್ತು ಓಡಾಡುವುದು ಯಂತ್ರಗಳು. ಕಳೆದ ಐದು ವಾರಗಳಲ್ಲಿ ಅವು ಒಂಬತ್ತು ಸಲ ಇದ್ದಕ್ಕಿದ್ದಂತೆ ನಿಂತಿವೆ. ಇದು ಯಾರೋ ಬೇಕೆಂದೇ ಮಾಡಿದ ಹಾನಿ. ಹೊರಗಿನವರು ಸಾಫ್ಟ್‌ವೇರಿಗೆ ಕೈಹಾಕಿರುವ ಸಾಧ್ಯತೆಯೂ ಇದೆ. ಒಂಬತ್ತು ದಿನಾಂಕ, ಒಂಬತ್ತು ಸಮಯ, ನಿಂತ ನಿಮಿಷಗಳು ಎಲ್ಲವೂ ಕೋಷ್ಟಕದಲ್ಲಿದ್ದವು. ಮೂರನೆಯ ಪುಟದ ಕೊನೆಗೆ ಒಂದು ವಾಕ್ಯವಿತ್ತು: ಇಂದು ಮಧ್ಯಾಹ್ನ 2.38ಕ್ಕೆ ಇಂಥದೇ ಅಡಚಣೆಯ ಪರಿಣಾಮವಾಗಿ ಗುತ್ತಿಗೆ ಕೆಲಸಗಾರ್ತಿ ಕುಮಾರಿ ಜ್ಯೋತಿ, ವಯಸ್ಸು 24, ಮೃತಪಟ್ಟಿರುತ್ತಾಳೆ.

"ಹುಡುಗಿ ಸತ್ತದ್ದು ಕೊನೆಯ ಸಾಲಲ್ಲಿ ಉಂಟು," ಎಂದಳು ರತ್ನಾವತಿ.

"ಡೇಟ್ ಪ್ರಕಾರ ಬರ್ದದ್ದು ಮೇಡಂ."

"ಎರಡು ಗಂಟೆ ಮೂವತ್ತೆಂಟಕ್ಕೆ ಆದದ್ದು. ಈಗ ಐದು. ಅಷ್ಟರಲ್ಲಿ ಕೋಷ್ಟಕ ಎಲ್ಲ ಹೇಗೆ ತಯಾರಾಯಿತು?"

"ಅದು ಮೊದಲೇ ರೆಡಿ ಇತ್ತು. ಇವತ್ತೇ ಕಂಪ್ಲೇಂಟ್ ಕೊಡ್ಬೇಕಂತ ಇದ್ವಿ." ಹಿತೇಶ್ ಮುಂದಕ್ಕೆ ಬಾಗಿ, ಆಕೆಯ ಎದೆಯ ಮೇಲಿದ್ದ ಹೆಸರಿನ ಪಟ್ಟಿಯನ್ನು ನೋಡಿ, ತುಳುವಿನಲ್ಲಿ ಅವಳ ಊರು ಯಾವುದೆಂದು ಕೇಳಿದ.

"ನನ್ನ ಊರು ಡೊಂಬಿವಲಿ," ಎಂದು ರತ್ನಾವತಿ ಕನ್ನಡದಲ್ಲೇ ಹೇಳಿ, ಹವಾಲ್ದಾರ ಲಕ್ಷ್ಮೀಕಾಂತನನ್ನು ಕರೆದಳು.

ಐದೂ ಇಪ್ಪತ್ತಕ್ಕೆ ಸರಕಾರಿ ಆಸ್ಪತ್ರೆಯಿಂದ ಮೆಮೊ ಬಂತು. ಎಫ್ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಕಲಂಗಳು ಎರಡು, ಆಸ್ತಿಹಾನಿ ಮತ್ತು ನಿರ್ಲಕ್ಷ್ಯದಿಂದ ಸಾವು. ಎರಡನೆಯದನ್ನು ಓದಿದಾಗ ಹಿತೇಶ್, "ಇದು ನಾವು ಕೇಳಿಲ್ಲ ಮೇಡಂ," ಎಂದ.

"ನೀವು ಕೇಳುವುದಲ್ಲ ಅದು," ಎಂದಳು ರತ್ನಾವತಿ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯ ಶವಾಗಾರದಲ್ಲಿ ಪಂಚನಾಮೆ. ಹೊರಗಿನ ಬೆಂಚಿನ ಮೇಲೆ ಅರವತ್ತರ ಹತ್ತಿರದ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚಂದ್ರಬಾಯಿ, ಇಂಡಿ ತಾಲೂಕಿನವಳು, ವಿಧವೆ. ಜ್ಯೋತಿ ಅವಳ ಅಣ್ಣನ ಮಗಳು. ತಂದೆ ತಾಯಿ ಹೋದ ಮೇಲೆ ಹುಡುಗಿಯನ್ನು ಎಂಟು ವರ್ಷದಿಂದ ಸಾಕಿದವಳು ಇವಳೇ. ಘಣಸೋಲಿ ಗಾಂವಿನಲ್ಲಿ, ಹಳೆಯ ಹಳ್ಳಿಯ ಓಣಿಯಲ್ಲಿ, ಇಬ್ಬರಿಗೂ ಒಂದೇ ಖೋಲಿ, ಒಂದು ಕೋಣೆಯ ಮನೆ. ಅದೇ ಗೋದಾಮಿನಲ್ಲಿ ಚಂದ್ರಬಾಯಿ ಕಸ ಗುಡಿಸುತ್ತಾಳೆ.

"ಚೀಲದಾಗ ಏನೈತಿ ಕಾಕಿ?" ಎಂದು ಲಕ್ಷ್ಮೀಕಾಂತ ಕೇಳಿದ. ಅವನು ಅಕ್ಕಲಕೋಟದವನು, ಅವನ ಮಾತು ಕೇಳಿ ಅವಳು ತಲೆಯೆತ್ತಿದಳು.

"ಆಕಿ ಅರಬಿರಿ. ಮೈಮ್ಯಾಲಿನವು ಕೆಟ್ಟಿರತಾವಲ್ಲ."

ಒಳಗೆ ವೈದ್ಯರು ಹೇಳುತ್ತಿದ್ದಂತೆ ಲಕ್ಷ್ಮೀಕಾಂತ ಬರೆದುಕೊಂಡ. ಎದೆ ಮತ್ತು ಸೊಂಟದ ಮೂಳೆಗಳು ಮುರಿದಿವೆ. ಎರಡು ಗಟ್ಟಿ ವಸ್ತುಗಳ ನಡುವೆ ಸಿಕ್ಕಿದ ಗಾಯ. ಮುಖಕ್ಕೆ ಏನೂ ಆಗಿಲ್ಲ. ಬಲಗೈ ಮುಷ್ಟಿ ಕಟ್ಟಿದೆ. ಬೆರಳು ಬಿಡಿಸಿದಾಗ ಹೆಬ್ಬೆರಳಿಗೆ ಒಂದು ಟಿಕಲಿ, ಹಣೆಗೆ ಅಂಟಿಸುವ ಬೊಟ್ಟು, ಮೆತ್ತಿಕೊಂಡಿತ್ತು. ಕಪ್ಪು ಬಣ್ಣದ್ದು, ದೊಡ್ಡದು.

"ಬೀಳೂಮುಂದ ಹಣಿ ಮ್ಯಾಲಿಂದು ಉಚ್ಚಿ ಬಂದಿರಬೇಕು," ಎಂದ ಲಕ್ಷ್ಮೀಕಾಂತ.

"ಹಣೆಯದ್ದು ಹಣೆಯಲ್ಲೇ ಉಂಟು ನೋಡಿ."

ಹುಡುಗಿಯ ಹಣೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಮೆರೂನ್ ಟಿಕಲಿ, ಬೆಳಿಗ್ಗೆ ಕನ್ನಡಿ ನೋಡಿ ಇಟ್ಟುಕೊಂಡದ್ದು, ಒಂದಿಷ್ಟೂ ಕದಲದೆ ಕೂತಿತ್ತು. ರತ್ನಾವತಿ ಕಪ್ಪು ಟಿಕಲಿಯನ್ನು ಚಿಮುಟದಿಂದ ಬಿಡಿಸಿ ಲಕೋಟೆಗೆ ಹಾಕಿಸಿದಳು. ಪಂಚರಲ್ಲಿ ಒಬ್ಬಳಾಗಿದ್ದ ನರ್ಸು ಸಹಿ ಹಾಕುವಾಗ, "ಇಷ್ಟು ಸಣ್ಣದಕ್ಕೂ ಸೀಲಾ?" ಎಂದಳು.

ಗೋದಾಮಿನ ಗೇಟಿಗೆ ಎದುರು ಚಹಾದ ಅಂಗಡಿಯ ತಗಡಿನ ನೆರಳಿನಲ್ಲಿ ಹನ್ನೊಂದು ಮಂದಿ ಹೆಂಗಸರು ಕೂತಿದ್ದರು. ಜೀಪು ಇಳಿದ ಲಕ್ಷ್ಮೀಕಾಂತನ ಹೊಟ್ಟೆಯನ್ನು ನೋಡಿ ಒಬ್ಬಳು ಕೂಗಿದಳು: "ಏನ್ ಸಾಹೇಬ್ರ, ನಿಮ್ಮನ್ನೂ ಕೆಲಸಕ್ಕ ಕರದಾರೇನು? ಬರ್ರಿ, ಪಾಳಿ ಹಚ್ಚರಿ. ಆದ್ರ ಕಪಾಟಿನ ಸಂದ್ಯಾಗ ನೀವು ಹಿಡಿಯೂದಿಲ್ಲ ನೋಡ್ರಿ."

ಯಾರೂ ನಗಲಿಲ್ಲ. ಹೇಳಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಹೆಸರು ಗುರುಬಾಯಿ.

"ಇಲ್ಲಿ ಯಾಕೆ ಕೂತಿದ್ದೀರಿ?" ರತ್ನಾವತಿ ಕೇಳಿದಳು.

"ದಿನಾ ಇಲ್ಲೇ ಕುಂದ್ರೂದರಿ ಬಾಯಾರ. ಹ್ವಾದ ದೀಪಾವಳಿ ತನಕ ಒಳಗ ನೂರಾ ನಲವತ್ತು ಹೆಣಮಕ್ಕಳು ಇದ್ವಿ. ಸಾಮಾನ ಆರಿಸಿ ಡಬ್ಬಿಗೆ ಹಾಕೂದು. ಆಮೇಲೆ ಆಮಿ ಬಂದ್ವು."

"ಆಮೆಯಾ?"

"ಆ ಮಷಿನ್‌ರಿ. ನೆಲಕ್ಕ ಹತ್ತಿ ಹರದಾಡತಾವಲ್ಲ, ಆಮಿ ಅಂತೀವಿ. ನಮ್ಮನ್ನ ಬಿಡಿಸಿದ್ರು. ಹನ್ನೆರಡು ಮಂದಿ ಹೆಸರು ಬರ್ಕೊಂಡಾರ. ಆಮಿ ಕೆಟ್ಟು ನಿಂತ ದಿನ ಗೇಟ್ ತಗೀತಾರ, ಹೋಗಿ ಕೈಲೆ ಆರಿಸಿ ಕೊಟ್ಟು ಬರ್ತೀವಿ. ನಿಲ್ಲಲಿಲ್ಲಂದ್ರ ಸಂಜಿಗೆ ಹಂಗ ಮನಿಗೆ."

"ಕೂತಿದ್ದಕ್ಕೆ ಏನಾದರೂ ಕೊಡ್ತಾರಾ?"

"ಬಿಸಲು ಕೊಡ್ತಾರ್ರಿ," ಎಂದಳು ಗುರುಬಾಯಿ.

ಪೊಲೀಸರು ನೋಡಿ ಮುಗಿಸುವ ತನಕ ಕೆಲಸ ಬಂದ್, ಒಳಗೆ ಯಂತ್ರಗಳೆಲ್ಲ ಇದ್ದಲ್ಲೇ ನಿಂತಿದ್ದವು. ಮೊಣಕಾಲಿನ ಎತ್ತರ ಇಲ್ಲದ, ಚಪ್ಪಟೆಯಾದ ಕಿತ್ತಳೆ ಬಣ್ಣದ ಪೆಟ್ಟಿಗೆಗಳು. ಕಪಾಟಿನ ಅಡಿಗೆ ನುಗ್ಗಿ ಅದನ್ನೇ ಎತ್ತಿಕೊಂಡು ಹೋಗುತ್ತವೆ. ಅವುಗಳಿಗೆ ದಾರಿ ತೋರಿಸುವುದು ನೆಲ. ಹೆಜ್ಜೆಗೊಂದರಂತೆ ಅಂಗೈ ಅಗಲದ ಕಪ್ಪು ಬಿಳಿ ಚೌಕಳಿಯ ಚೀಟಿಗಳನ್ನು ಅಂಟಿಸಿದ್ದರು. ಯಂತ್ರದ ಹೊಟ್ಟೆಯಲ್ಲಿರುವ ಕ್ಯಾಮೆರಾ ಚೀಟಿಯನ್ನು ಓದಿ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಓದಲಾಗದಿದ್ದರೆ ನಿಂತುಬಿಡುತ್ತದೆ, ಒಂದು ನಿಂತರೆ ಹಿಂದಿನವೂ ನಿಲ್ಲುತ್ತವೆ.

ಇದನ್ನು ವಿವರಿಸಿದವಳು ಅನಘ. ಸಾಫ್ಟ್‌ವೇರನ್ನು ಪರೀಕ್ಷಿಸುವುದು ಅವಳ ಕೆಲಸ. ವಯಸ್ಸು ಮೂವತ್ತೊಂದು, ದಿನಾ ಡೊಂಬಿವಲಿಯಿಂದ ಬರುತ್ತಾಳೆ. ಮನೆಯಲ್ಲಿ ತಾಯಿ, ಇವಳು ಕರೆಯುವುದು ಆಯಿ ಎಂದು, ಧಾರವಾಡದ ಕನ್ನಡ ಮಾತಾಡುತ್ತಾರೆ, ಇವಳು ಅರ್ಧ ಹಿಂದಿಯಲ್ಲಿ ಉತ್ತರಿಸುತ್ತಾಳೆ. ಮಾತಾಡುವಾಗ ಅವಳ ಬೆರಳುಗಳು ಕೊರಳಿನ ಗುರುತುಪಟ್ಟಿಯ ದಾರವನ್ನು ಸುತ್ತುತ್ತಲೇ ಇದ್ದವು. ಅವಳ ಕಣ್ಣು ಪದೇ ಪದೇ ಹಿತೇಶನ ಗಾಜಿನ ಕೋಣೆಯ ಕಡೆ ಹೋಗುವುದನ್ನು ರತ್ನಾವತಿ ಗಮನಿಸಿದಳು.

"ಒಂಬತ್ತು ಸಲ ಯಾವ ಯಾವ ಚೀಟಿಯ ಮೇಲೆ ನಿಂತದ್ದು ಅಂತ ಗೊತ್ತಾ?"

"ಲಾಗ್‌ನಲ್ಲಿ ಇದೆ ಮ್ಯಾಡಂ. ಟೆಕ್ನಿಶಿಯನ್ ಹೋಗಿ ನೋಡಿದ್ರೆ ಕುಛ್ ನಹೀ. ಚೀಟಿ ಹರಿದಿಲ್ಲ, ಧೂಳಿಲ್ಲ."

ರತ್ನಾವತಿ ಬೂಟು ಕಳಚಿಟ್ಟು ನೆಲಕ್ಕೆ ಮೊಣಕಾಲೂರಿದಳು. ಅನಘ ತೋರಿಸಿದ ಮೊದಲನೆಯ ಚೀಟಿಯ ಮೂಲೆಯಲ್ಲಿ, ಬಿಳಿಯ ಭಾಗದಲ್ಲಿ, ತೆಳುವಾದ ಧೂಳಿನ ಉಂಗುರವೊಂದಿತ್ತು. ಬೆರಳಿಗೆ ಅಂಟಂಟು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ. ಒಂಬತ್ತನ್ನೂ ನೋಡಿ ಮುಗಿಸುವಾಗ ಮಧ್ಯಾಹ್ನ ಎರಡೂವರೆ. ಹತ್ತನೆಯದು ಜ್ಯೋತಿ ಸತ್ತ ಮೂವತ್ತೊಂದನೆಯ ಸಾಲಿನ ಚೀಟಿ, ಅದರಲ್ಲಿ ಉಂಗುರದ ಅಂಟು ಇನ್ನೂ ಹಸಿಯಾಗಿತ್ತು. ಕಪ್ಪು ಬಿಳಿ ಚೌಕಳಿಯ ನಡುವೆ ಒಂದು ಕಪ್ಪು ಬೊಟ್ಟು ಕೂತರೆ ಮನುಷ್ಯರ ಕಣ್ಣಿಗೆ ಅದೂ ಚಿತ್ರದ ಒಂದು ಭಾಗ. ಯಂತ್ರಕ್ಕೆ ಮಾತ್ರ ಓದು ತಪ್ಪುತ್ತದೆ.

"ಟಿಕಲಿ!" ಅನಘ ಅಲ್ಲೇ ಕುಕ್ಕರಿಸಿದಳು. "ನಾವು ನೀರು ಚೆಲ್ಲಿ ನೋಡಿದ್ವಿ, ಧೂಳು ಹಾಕಿ ನೋಡಿದ್ವಿ, ಚೀಟಿ ಹರಿದು ನೋಡಿದ್ವಿ. ಟಿಕಲಿ ಯಾರಿಗೆ ಹೊಳೆಯುತ್ತೆ ಮ್ಯಾಡಂ?"

"ಇದನ್ನು ಹಾಕಿದವರಿಗೆ ಹೊಳೆದಿದೆ. ಈ ನೆಲಕ್ಕೆ ಯಾರು ಕಾಲಿಡ್ತಾರೆ?"

"ಯಂತ್ರ ಓಡುವಾಗ ಯಾರೂ ಇಲ್ಲ. ಒಂದರಿಂದ ಒಂದೂ ಇಪ್ಪತ್ತರ ತನಕ ಅವು ಚಾರ್ಜಿಂಗಿಗೆ ಹೋಗ್ತವೆ. ಸಂಜೆ ನಾಲ್ಕಕ್ಕೆ ಮತ್ತೊಮ್ಮೆ. ಆಗ ಗುಡಿಸುವವರು ಮಾತ್ರ. ಇಬ್ಬರಿದ್ದರು, ಒಬ್ಬನು ಡಿಸೆಂಬರ್‌ನಲ್ಲೇ ಬಿಟ್ಟು ಹೋದ."

ಉಳಿದವಳು ಯಾರೆಂದು ಹೇಳಬೇಕಾಗಿರಲಿಲ್ಲ. ಆದರೂ ಲಕ್ಷ್ಮೀಕಾಂತ ಘಣಸೋಲಿ ಗಾಂವಿನ ಬಳೆ ಅಂಗಡಿಗೆ ಹೋಗಿ ಬಂದ. ಈಗ ಎಲ್ಲರಿಗೂ ಹರಳಿನದೇ ಬೇಕು, ದೊಡ್ಡ ಕಪ್ಪು ಟಿಕಲಿಯನ್ನು ಯಾರೂ ಕೇಳುವುದಿಲ್ಲ ಎಂದು ಅಂಗಡಿಯವಳು ಹೇಳಿದ್ದಳು. ಒಬ್ಬಳು ಮುದುಕಿ ಮಾತ್ರ ಒಯ್ಯುತ್ತಾಳೆ. ಅವಳ ಹಣೆ ಖಾಲಿ. ಮನೆಯಲ್ಲಿರುವ ಹುಡುಗಿಗೆ ಎಂದಿದ್ದಳಂತೆ.

ಅಲ್ಲಿಗೆ ಹಿತೇಶನ ದೂರಿಗೆ ಉತ್ತರ ಸಿಕ್ಕಿತ್ತು. ಸಂಜೆ ಅವನು ಫೋನ್ ಮಾಡಿ ಕೇಳಿಯೂ ಕೇಳಿದ: "ಸಿಕ್ಕಿದ್ಳಂತಲ್ಲ ಮೇಡಂ? ಹುಡುಗಿ ಸತ್ತದ್ದೂ ಅವಳಿಂದಲೇ ಆಯ್ತಲ್ಲ?"

"ನಿಂತ ಯಂತ್ರ ಯಾರನ್ನೂ ಕೊಲ್ಲುವುದಿಲ್ಲ ಕರ್ಕೇರರೇ. ಓಡಿದ್ದು ಕೊಂದದ್ದು. ಓಡಿಸಿದವರು ಯಾರು ಅಂತ ನೋಡ್ತಾ ಇದ್ದೇನೆ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ರತ್ನಾವತಿ ಅನಘಳನ್ನು ಠಾಣೆಗೆ ಕರೆಸಿ, ಗೋದಾಮಿನ ಬಾಗಿಲ ಕ್ಯಾಮೆರಾದ ದೃಶ್ಯಗಳನ್ನು ಹಾಕಿಸಿಕೊಂಡು ಕೂತಳು. ಕೆಲಸದ ಕ್ರಮ ಹೀಗಿತ್ತು: ಹೆಂಗಸರು ಒಳಗೆ ಹೋಗುವ ಮೊದಲು ಬಾಗಿಲ ಪಕ್ಕದ ಹಲಗೆಯಿಂದ ತಲೆಗೊಂದು ಹಿತ್ತಾಳೆಯ ಬಿಲ್ಲೆ ತೆಗೆದುಕೊಳ್ಳಬೇಕು. ಹೊರಗೆ ಬಂದವರು ತಮ್ಮ ಬಿಲ್ಲೆಯನ್ನು ಮತ್ತೆ ಅದರ ಕೊಕ್ಕೆಗೆ ಸಿಗಿಸಬೇಕು. ಕೊಕ್ಕೆಗಳಿಗೆ ತಂತಿ ಇದೆ. ಒಂದು ಕೊಕ್ಕೆ ಖಾಲಿಯಿದ್ದರೂ ಯಂತ್ರಗಳು ಚಾಲೂ ಆಗದಂತೆ ಸಾಫ್ಟ್‌ವೇರ್ ತಡೆಯುತ್ತದೆ.

ಸೋಮವಾರ 2.31ಕ್ಕೆ ಹೆಂಗಸರು ಗುಂಪಾಗಿ ಹೊರಬಂದರು. ಯಾರ ಬಟ್ಟೆಗೂ ಜೇಬಿಲ್ಲ. ಒಬ್ಬಳ ಕೈಯಲ್ಲಿ ಊಟದ ಡಬ್ಬಿ, ಒಬ್ಬಳ ಕೈಯಲ್ಲಿ ಚಪ್ಪಲಿ. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಚಂದ್ರಬಾಯಿಯ ಸೆರಗಿಗೆ ಒಬ್ಬೊಬ್ಬರೂ ತಮ್ಮ ಬಿಲ್ಲೆಯನ್ನು ಹಾಕಿ ನಡೆದರು. ಕೊನೆಗೆ ಬಂದ ಜ್ಯೋತಿ ತನ್ನದನ್ನೂ ಹಾಕಿದಳು. ಏನೋ ಹೇಳಿದಳು. ಹಾಗೇ ತಿರುಗಿ ಒಳಗೆ ಹೋದಳು. ಚಂದ್ರಬಾಯಿ ಹಲಗೆಯ ಮುಂದೆ ನಿಂತು ಒಂದೊಂದಾಗಿ ಕೊಕ್ಕೆಗೆ ಸಿಗಿಸಿದಳು. ನಲವತ್ತೆರಡು ಸೆಕೆಂಡು. ಹನ್ನೆರಡು ಬಿಲ್ಲೆ.

ರತ್ನಾವತಿ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಸಲಿಲ್ಲ.

ಅವಳು ಇಪ್ಪತ್ತು ವರ್ಷ ಡೊಂಬಿವಲಿಯ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು ಓಡಾಡಿದವಳು. ಅಲ್ಲಿ ಚೀಲಗಳು ಕೈಯಿಂದ ಕೈಗೆ ಹೋಗಿ ಮೇಲಿನ ಹಲಗೆ ಸೇರುತ್ತವೆ. ಇಳಿಯುವಾಗ ಹಾಗೆಯೇ ವಾಪಸು ಬರುತ್ತವೆ. ಕೂಸುಗಳೂ ಅಷ್ಟೆ. ನಿಂದು ಕೊಡು, ನಾನು ಹಿಡಿದಿರ್ತೇನೆ ಎಂದು ಯಾರಾದರೂ ಹೇಳದೆ ಅಲ್ಲಿ ಒಂದು ದಿನವೂ ಕಳೆಯುವುದಿಲ್ಲ. ತನ್ನದನ್ನು ತಾನೇ ಹಿಡಿದುಕೊಂಡು ಇಡೀ ದಿನ ದಾಟುವ ಹೆಂಗಸನ್ನು ಅವಳು ನೋಡಿಯೇ ಇರಲಿಲ್ಲ. ಅವರವರದನ್ನು ಅವರವರೇ ತೂಗುಹಾಕುತ್ತಾರೆ ಎಂದುಕೊಂಡು ಈ ಹಲಗೆಯನ್ನು ಮಾಡಿದವನು ಎಲ್ಲಿಯವನೋ.

"ಇದು ನಿಮಗೆ ಗೊತ್ತಿತ್ತಾ?" ಅವಳು ಅನಘಳನ್ನು ಕೇಳಿದಳು. ಠಾಣೆಯ ಕೋಣೆಯಲ್ಲಿ ಅವರಿಬ್ಬರೇ ಇದ್ದರು.

"ಡಿಸೆಂಬರ್‌ನಲ್ಲೇ ಗೊತ್ತಾಯ್ತು. ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ್ದೆ. ಕಾಕಿ ಎಲ್ಲರದೂ ಹಾಕ್ತಿದ್ರು. ಬಿಲ್ಲೆ ಎಣಿಸೋದು ಮನುಷ್ಯರನ್ನ ಎಣಿಸಿದ ಹಾಗಲ್ಲ ಅಂತ ಅವತ್ತೇ ರಿಪೋರ್ಟ್ ಬರೆದೆ. ಹಠ ಮಾಡಿ ಎರಡನೇ ತಡೆ ಹಾಕಿಸಿದೆ. ಚಾಲೂ ಮಾಡೋ ಮೊದಲು ಮೇಲಿನ ಕ್ಯಾಮೆರಾಗಳು ಪ್ರತಿ ಸಾಲನ್ನೂ ನೋಡಬೇಕು. ಒಂದು ಮನುಷ್ಯಾಕೃತಿ ಕಂಡರೂ ಚಾಲೂ ಆಗಬಾರದು. ನಾಲ್ಕು ನಿಮಿಷ ಹಿಡಿಯುತ್ತೆ."

"ಸೋಮವಾರ ನೋಡಲಿಲ್ಲವಾ?"

ರತ್ನಾವತಿ ಒಂದು ಹಾಳೆಯನ್ನು ಅವಳ ಮುಂದೆ ತಳ್ಳಿದಳು. ಬೆಳಿಗ್ಗೆ ಹಿತೇಶ್ ತಾನಾಗಿಯೇ ತಂದುಕೊಟ್ಟದ್ದು. ಜನವರಿ 17, ಶುಕ್ರವಾರ, ಬೆಳಿಗ್ಗೆ 9.12: ಕ್ಯಾಮೆರಾ ತಪಾಸಣೆ ಬಂದ್ ಮಾಡಲಾಗಿದೆ. ಮಾಡಿದವರ ಖಾತೆ: ಅನಘ.

"ನನ್ನ ಹೆಸರೇ ಇದೆ," ಎಂದಳು ಅನಘ. "ಸೋಮವಾರ ಸಂಜೆಯೇ ನೋಡಿದೆ. ಎರಡು ದಿನದಿಂದ ಅದನ್ನೇ ನೋಡ್ತಾ ಇದೀನಿ. ಮೈನೆ ನಹೀ ಕಿಯಾ ಮ್ಯಾಡಂ. ಆದರೆ ನಾನೇ ಮಾಡಿ ಮರೆತೆನಾ ಅಂತ ನನಗೇ ಅನಿಸೋಕೆ ಶುರುವಾಗಿದೆ. ಆಯಿ ಹತ್ತಿರ ಹೇಳಿಲ್ಲ. ರಾತ್ರಿ ಅವಳು ಅನ್ನ ಬಡಿಸ್ತಾಳೆ, ನಾನು ತಟ್ಟೆ ನೋಡ್ತಾ ಕೂತಿರ್ತೀನಿ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಹಿತೇಶ್ ಸರ್‌ಗೆ. ಅಕ್ಟೋಬರ್‌ನಲ್ಲಿ ಆಯಿಯ ಆಪರೇಷನ್ ಇತ್ತು. ರಜೆ ಬೇಕಾದರೆ ಕೊಟ್ಟು ಹೋಗು ಅಂದ್ರು. ಚೀಟಿಯಲ್ಲಿ ಬರೆದು ಕೊಟ್ಟೆ."

"ಆಮೇಲೆ ಬದಲಾಯಿಸಲಿಲ್ಲ."

"ಇಲ್ಲ." ಅವಳು ಅಳಲು ಶುರುಮಾಡಿದಳು. "ಬೇರೆಯವರಿಗೆ ಸೆಕ್ಯೂರಿಟಿ ಪಾಠ ಹೇಳೋದು ನಾನೇ. ಎಲ್ಲಾ ಆಫೀಸಲ್ಲೂ ಹೀಗೇ ನಡೆಯುತ್ತೆ ಅಂತ ಸುಮ್ಮನಿದ್ದೆ."

"ಜನವರಿ ಹದಿನೇಳು, ಒಂಬತ್ತೂ ಹನ್ನೆರಡಕ್ಕೆ ಎಲ್ಲಿದ್ದಿರಿ?"

"ಗೊತ್ತಿಲ್ಲ. ದಿನಾ ಎಲ್ಲಿರ್ತೀನೋ ಅಲ್ಲಿ. ಟ್ರೇನಲ್ಲಿ."

ಗುರುವಾರ ಇಡೀ ದಿನ ಲಕ್ಷ್ಮೀಕಾಂತ ಅದರ ಹಿಂದೆ ಬಿದ್ದ. ಗೇಟಿನ ಯಂತ್ರದಲ್ಲಿ ಆ ದಿನ ಅನಘ ಕಾರ್ಡು ತೋರಿಸಿ ಒಳಬಂದದ್ದು 10.04ಕ್ಕೆ. ಹಿತೇಶ್ 8.40ಕ್ಕೆ. ಬದಲಾವಣೆ ಮಾಡಿದ ಕಂಪ್ಯೂಟರಿನ ನಂಬರು ಲಾಗ್‌ನಲ್ಲಿತ್ತು. ಸೈಬರ್ ವಿಭಾಗದವರು ಅದನ್ನು ಹಿತೇಶನ ಗಾಜಿನ ಕೋಣೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ಬೆನ್ನ ಮೇಲಿನ ನಂಬರಿಗೆ ಹೋಲಿಸಿ ನೋಡಿದರು. ಒಂದೇ.

"ಇಷ್ಟ್ ಸಾಕಲ್ರಿ ಮೇಡಂ?" ಎಂದ ಲಕ್ಷ್ಮೀಕಾಂತ.

"ಸಾಕು. ಆ ಹುಡುಗಿಗೆ ಒಂದು ಫೋನ್ ಮಾಡಿ. ನೀವಲ್ಲ ಅಂತ ಹೇಳಿ. ಇವತ್ತಾದರೂ ಉಣ್ಣಲಿ."

ಫೆಬ್ರವರಿ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹನ್ನೊಂದು, ಠಾಣೆ. ಹಿತೇಶ್ ವಕೀಲರಿಗೆ ಫೋನು ಮಾಡಿ, ಅವರು ಮಾಜಿವಾಡಾದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದಾರೆಂದು ತಿಳಿದ ಮೇಲೆ ಕುರ್ಚಿಯಲ್ಲಿ ಸ್ವಲ್ಪ ಜಾರಿ ಕೂತಿದ್ದ.

"ಕ್ಯಾಮೆರಾ ತಪಾಸಣೆ ಯಾಕೆ ಬಂದ್ ಮಾಡಿದ್ದು?"

"ನಾನಲ್ಲ."

ರತ್ನಾವತಿ ಕಾಗದಗಳನ್ನು ಒಂದೊಂದಾಗಿ ಇಟ್ಟಳು. ಮೂರನೆಯದಕ್ಕೆ ಬರುವಾಗ ಅವನು ಕೈ ಅಡ್ಡ ಹಿಡಿದ.

"ಅದು ಸುಳ್ಳು ಅಲಾರಂ ಕೊಡ್ತಿತ್ತು ಮೇಡಂ. ಕಪಾಟಿಗೆ ಸಿಕ್ಕಿಸಿಟ್ಟ ಜಾಕೆಟ್ ಕಂಡರೂ ಮನುಷ್ಯ ಅಂತ ಹೇಳ್ತಿತ್ತು. ಒಮ್ಮೆ ನಿಂತರೆ ಶುರು ಮಾಡಲಿಕ್ಕೆ ಮುಕ್ಕಾಲು ಗಂಟೆ. ಇಲ್ಲಿ ವಾರಕ್ಕೆ ಎರಡು ಸಲ ನಿಲ್ತಾ ಇತ್ತು. ಮೇಲಿನವರು ದಿನಾ ಸ್ಕ್ರೀನ್ ಹಾಕಿ ಎಲ್ಲರ ಎದುರು ಕೇಳ್ತಾರೆ, ಹಿತೇಶ್, ನಿನ್ನ ಗೋಡಾವುನ್ ಮಾತ್ರ ಯಾಕೆ ಕೆಂಪು ಅಂತ."

"ಸರಿ ಮಾಡಲಿಕ್ಕೆ ಅನಘ ಎಷ್ಟು ಸಮಯ ಕೇಳಿದ್ದು?"

"ಎರಡು ವಾರ."

"ಅದು ಯಾವಾಗ ಮುಗಿಯುತ್ತಿತ್ತು?"

ಅವನು ಲೆಕ್ಕ ಹಾಕಿದ. "ಜನವರಿ ಕೊನೆಗೆ."

"ಅವಳ ಹೆಸರಲ್ಲಿ ಯಾಕೆ ಮಾಡಿದ್ದು?"

"ನನ್ನ ಖಾತೆಯಿಂದ ಆಗುವುದಿಲ್ಲ ಅದು. ತಪಾಸಣೆ ತೆಗೆಯುವ ಅಧಿಕಾರ ಟೆಸ್ಟರಿಗೆ ಮಾತ್ರ. ಅವಳೇ ಹಾಗೆ ಮಾಡಿಸಿದ್ದು." ಆಮೇಲೆ ತುಳುವಿನಲ್ಲಿ, ಅಕ್ಕಾ, ನನಗೂ ಒಬ್ಬಳು ಮಗಳಿದ್ದಾಳೆ ಎಂದ.

"ಸೋಮವಾರ ಅಷ್ಟು ಗಡಿಬಿಡಿ ಯಾಕಿತ್ತು?"

"ಮೂರಕ್ಕೆ ಪುಣೆಯಿಂದ ಎಂಜಿನಿಯರುಗಳು ಬರುವವರಿದ್ದರು. ಪ್ರತಿ ಚೀಟಿಯ ಫೋಟೊ ತೆಗೆಯಲಿಕ್ಕೆ. ಅವರು ಬರುವಾಗ ಎಲ್ಲ ಓಡ್ತಾ ಇರಬೇಕು ಅಂತ. ಕೆಟ್ಟ ಚೀಟಿಯನ್ನು ಬಿಟ್ಟು ಸುತ್ತಿಬಳಸಿ ಹೋಗುವ ಹಾಗೆ ಮಾಡಿ ಚಾಲೂ ಕೊಟ್ಟೆ. ಹಲಗೆ ತುಂಬಿತ್ತು ಮೇಡಂ. ಹನ್ನೆರಡೂ ಹಸಿರು ತೋರಿಸ್ತಿತ್ತು."

"ಫೋಟೊ ತೆಗೆಯುವ ವಿಷಯ ಹೆಂಗಸರಿಗೆ ಗೊತ್ತಿತ್ತಾ?"

"ನಾನು ಅಲ್ಲೇ ನಿಂತು ಫೋನಲ್ಲಿ ಹೇಳ್ತಿದ್ದೆ. ಆ ಹುಡುಗಿ ಪಕ್ಕದಲ್ಲೇ ಡಬ್ಬಿ ಕಟ್ತಾ ಇದ್ಳು."

11.45ಕ್ಕೆ ಹಿತೇಶನನ್ನು ಬಂಧಿಸಲಾಯಿತು.

ಮಧ್ಯಾಹ್ನ ಮೂರಕ್ಕೆ ರತ್ನಾವತಿ, ಲಕ್ಷ್ಮೀಕಾಂತ ಮತ್ತು ಒಬ್ಬಳು ಮಹಿಳಾ ಕಾನ್‌ಸ್ಟೇಬಲ್ ಘಣಸೋಲಿ ಗಾಂವಿಗೆ ಹೋದರು. ಓಣಿಗೆ ಜೀಪು ಹಿಡಿಯುವುದಿಲ್ಲ, ನಡೆದೇ ಹೋಗಬೇಕು. ಚಂದ್ರಬಾಯಿ ಖೋಲಿಯ ಬಾಗಿಲು ತೆರೆದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಲೆಯ ಮೇಲೆ ಯಾರೋ ನೆರೆಯವರು ತಂದಿಟ್ಟ ಅನ್ನ ಮುಚ್ಚಿದ ಹಾಗೇ ಇತ್ತು. ಹಗ್ಗದ ಮೇಲೆ ಜ್ಯೋತಿಯ ಎರಡು ಕುರ್ತಾ ಒಣಗಿ ಸೆಟೆದಿದ್ದವು.

"ಬರ್ರಿ," ಎಂದಳು. "ನಿನ್ನೇನ ಬರ್ತೀರಿ ಅನ್ಕೊಂಡಿದ್ದೆ."

ರತ್ನಾವತಿ ನೆಲದ ಮೇಲೆ ಕೂತಳು. "ಟಿಕಲಿ ಅಂಟಿಸಿದ್ದು ನೀವಾ?"

"ಹೂಂರಿ."

"ಸೋಮವಾರದ್ದೂ ಸೇರಿ ಹತ್ತು ಸಲ?"

"ಹದಿನಾಕು ಸಲರಿ. ನಾಕ ಸಲ ಅವು ನಿಲ್ಲಲೇ ಇಲ್ಲ, ಹಂಗ ದಾಟಿ ಹ್ವಾದ್ವು. ಮೂಲಿಗೆ ಹಚ್ಚಿದ್ರ ನಿಲ್ತಾವ, ನಡಕ ಹಚ್ಚಿದ್ರ ನಿಲ್ಲೂದಿಲ್ಲ."

"ಯಾರು ಹೇಳಿಕೊಟ್ಟರು?"

"ಯಾರ ಹೇಳ್ತಾರ್ರಿ? ಒಂದಿನ ಯಾರದೋ ಟಿಕಲಿ ಬಿದ್ದಿತ್ತು. ಆಮಿ ಅದರ ಮ್ಯಾಲ ಬಂದು ಗಪ್ಪ ನಿಂತಬಿಡ್ತು. ನಾ ಕಸಬರಗಿ ಹಿಡದು ನೋಡಕೋತ ನಿಂತೆ. ಆ ದಿನ ಗೇಟ್ ತಗದು ಹೆಣಮಕ್ಕಳನ್ನ ಕರದ್ರು. ಗುರುಬಾಯಿ ಮೂರು ದಿನದಿಂದ ಕುಂತು ಕುಂತು ಹೋಗಿದ್ಳು. ಓಡಕೋತ ಬಂದ್ಳರಿ ಒಳಗ."

"ಜ್ಯೋತಿಗೆ ಗೊತ್ತಿತ್ತಾ?"

"ಮನ್ಯಾಗ ಪಾಕೀಟ್ ನೋಡಿ ಕೇಳಿದ್ಳು. ಬೈದ್ಳರಿ ನನಗ. ಅತ್ತಿ, ಹಿಡದ್ರ ಇದ್ದ ನಿನ್ನ ಕೆಲಸಾನೂ ಹೋಗತೈತಿ ಅಂದ್ಳು. ನನ್ನೊಬ್ಬಾಕಿದು ಉಳದ್ರ ಹೊಟ್ಟಿಗಿ ಇಳೀಬೇಕಲ್ಲ ಅಂದೆ. ಆಮ್ಯಾಲ ಸುಮ್ಮನಾದ್ಳು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಸಂಜಿ ನಾಕಕ್ಕ ಗುಡಸೂಮುಂದ ನಾನ ತಗದಬಿಡ್ತಿದ್ನಿ, ಯಾವಾಗಲೂ ತಗೀತೀನಿ. ಅದ್ಯಾಕ ಆಕಿ ಒಳಗ ಹ್ವಾದ್ಳು?"

ರತ್ನಾವತಿ ಹೇಳಿದಳು. ಪುಣೆಯವರು ಮೂರಕ್ಕೇ ಬರುವವರಿದ್ದದ್ದು, ಫೋಟೊ, ಹುಡುಗಿ ಅದನ್ನು ಕೇಳಿಸಿಕೊಂಡದ್ದು, ಅವರು ಬರುವ ಮೊದಲು ಟಿಕಲಿ ಕೀಳಲು ಹೋದದ್ದು. ಹೇಳದೆ ಇರಬಹುದಿತ್ತು. ಆದರೆ ಕೇಳಿದವಳಿಗೆ ಅದನ್ನು ತಿಳಿಯುವ ಹಕ್ಕಿತ್ತು. ಕೋರ್ಟಿನಲ್ಲಿ ಯಾರೋ ಕಪ್ಪು ಕೋಟಿನವನ ಬಾಯಲ್ಲಿ ಕೇಳುವುದಕ್ಕಿಂತ ಇಲ್ಲೇ ಕೇಳಲಿ.

ಓಣಿಯಲ್ಲಿ ಯಾರೋ ನಲ್ಲಿಗೆ ಕೊಡ ಹಚ್ಚಿದ ಸದ್ದು.

"ಬಿಲ್ಲಿ ಹಾಕೂಮುಂದ, ನಂದೂ ಹಾಕು ಅತ್ತಿ, ಬಂದ್ನಿ ಅಂದ್ಳರಿ. ನಾ ಹಾಕಿದ್ನಿ. ಕೈಯಾಗ ಹಿಡ್ಕೊಂಡು ನಿಂತಿದ್ರ ಆಮಿ ಹೊಂಡತಿರಲಿಲ್ಲ ಹೌದಿಲ್ಲರಿ?"

ಲಕ್ಷ್ಮೀಕಾಂತ ಬಾಗಿಲ ಹೊರಗೆ ಮುಖ ತಿರುಗಿಸಿದ.

"ನಾನ ಕೊಂದೀನಿ ಅಂತ ಬರೀರಿ ಮೇಡಂ."

"ಹಾಗೆ ಬರೆಯುವುದಿಲ್ಲ. ಯಂತ್ರ ನಿಲ್ಲಿಸಿದ್ದು ನೀವು. ಅಷ್ಟು ಬರೆಯುತ್ತೇನೆ. ಓಡಿಸಿದ್ದು ಬೇರೆಯವರು, ಅವರನ್ನು ಬೆಳಿಗ್ಗೆಯೇ ಹಿಡಿದಾಗಿದೆ."

"ಬಿಲ್ಲಿ?"

"ಬಿಲ್ಲೆ ನೀವು ಹಾಕಿದ್ದನ್ನೂ ಬರೆಯುತ್ತೇನೆ. ಒಳಗೆ ಜನ ಇದ್ದಾರಾ ಅಂತ ನೋಡಬೇಕಾದದ್ದು ಅದಲ್ಲ, ಮೇಲಿನ ಕ್ಯಾಮೆರಾ. ಅದರ ಕಣ್ಣು ಕಟ್ಟಿದವರ ಹೆಸರನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇನೆ."

ಇದರಿಂದ ಚಂದ್ರಬಾಯಿಗೆ ಸಮಾಧಾನವೇನೂ ಆಗಲಿಲ್ಲ. ಅವಳು ಬೇಡಿದ್ದು ಶಿಕ್ಷೆ. ಕೊಡುತ್ತಿದ್ದದ್ದು ಅದರ ಒಂದು ಚೂರು. ರತ್ನಾವತಿಗೆ ಅದು ತಿಳಿಯುತ್ತಿತ್ತು. ಅಪರಾಧಕ್ಕಿಂತ ಸಣ್ಣ ಶಿಕ್ಷೆ ಸಿಕ್ಕಿತೆಂದು ಉಳಿದ ಆಯುಷ್ಯವೆಲ್ಲ ತನ್ನನ್ನು ತಾನೇ ದಂಡಿಸಿಕೊಳ್ಳುವ ಹೆಂಗಸರನ್ನು ಅವಳು ಈ ಕೆಲಸದಲ್ಲಿ ಹಲವರನ್ನು ನೋಡಿದ್ದಳು. ಅದನ್ನು ತಡೆಯುವ ಕಲಂ ಯಾವ ಪುಸ್ತಕದಲ್ಲೂ ಇಲ್ಲ.

ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಜಾಗವಿದೆ. ಕಂಪನಿಗೆ ನಷ್ಟ ಉಂಟುಮಾಡುವ ದುರುದ್ದೇಶದಿಂದ ಎಂದು ಬರೆಯುವುದು ವಾಡಿಕೆ. ರತ್ನಾವತಿ ಹಾಗೆ ಬರೆಯಲಿಲ್ಲ. ಗೇಟಿನ ಹೊರಗೆ ಕಾಯುತ್ತಿದ್ದ ಹೆಂಗಸರನ್ನು ಆ ದಿನ ಕೆಲಸಕ್ಕೆ ಕರೆಯಲಿ ಎಂಬ ಉದ್ದೇಶದಿಂದ ಎಂದಷ್ಟೇ ಬರೆದಳು.

ಬಂಧನದ ಕಾಗದ ತುಂಬುವಾಗ 3.50 ಆಗಿತ್ತು. ಹೆಸರು, ವಯಸ್ಸು, ವಿಳಾಸ. ಬಂಧನದ ವಿಷಯ ತಿಳಿಸಬೇಕಾದ ಸಂಬಂಧಿಕರ ಹೆಸರು.

"ಯಾರ ಹೆಸರು ಬರೀಲಿ ಕಾಕಿ?" ಲಕ್ಷ್ಮೀಕಾಂತ ಕೇಳಿದ.

"ಇದ್ದಾಕಿ ಆಕಿ ಒಬ್ಬಾಕಿನ."

"ಸಂಬಂಧಿಕರು ಇಲ್ಲದಿದ್ದರೆ ಗುರುತಿನವರದ್ದೂ ನಡೆಯುತ್ತದೆ," ಎಂದಳು ರತ್ನಾವತಿ.

ಚಂದ್ರಬಾಯಿ ಎದ್ದು ಹಗ್ಗದ ಮೇಲಿನ ಕುರ್ತಾಗಳನ್ನು ತೆಗೆದು ಮಡಚಿದಳು. ಮೂಲೆಯಲ್ಲಿ ಚಪ್ಪಲಿ ಹುಡುಕಿದಳು. ಬಾಗಿಲ ಹತ್ತಿರ ಬಂದು ನಿಂತು ಕೇಳಿದಳು: "ಇವತ್ತ ಅವರನ್ನ ಒಳಗ ಕರದಾರೇನ್ರಿ?"

"ಕರೆದಿದ್ದಾರೆ. ಯಂತ್ರಕ್ಕೆ ನಾವು ಸೀಲ್ ಹಾಕಿದ್ದೇವೆ. ಕೋರ್ಟ್ ಬಿಡುವವರೆಗೆ ಅಲ್ಲಿ ಕೈಯಲ್ಲೇ ಕೆಲಸ."

"ಎಲ್ಲಾರ್ನೂ?"

"ಎಲ್ಲರನ್ನೂ. ಸಂಜೆ ಏಳರ ತನಕ."

ಅವಳು ಚಪ್ಪಲಿ ಮೆಟ್ಟಿದಳು. "ಗುರುಬಾಯಿ ಹೆಸರು ಬರೀರಿ. ಆದ್ರ ಈಗ ಹೋಗಿ ಹೇಳಬ್ಯಾಡ್ರಿ. ಹೇಳಿದ್ರ ಕೆಲಸ ಬಿಟ್ಟು ಎದ್ದು ಬರ್ತಾರ ಎಲ್ಲಾರೂ."

ವಿಷಯ ತಿಳಿಸಿದ ಸಮಯ ಎಂಬ ಜಾಗವನ್ನು ಲಕ್ಷ್ಮೀಕಾಂತ ಖಾಲಿ ಬಿಟ್ಟಿದ್ದ. ರತ್ನಾವತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡು, ಸಂಜೆ ಏಳೂವರೆ ಎಂದು ಬರೆದಳು.